ಮೂಗು ಮುಚ್ಚಿಸುವ ಮಸಾಲೆ

ಮಸಾಲೆ ಎಂದೊಡನೆ ಏಲಕ್ಕಿ, ಲವಂಗಗಳ ಘಮ ನೆನಪಾಗುವುದು ಸಹಜ. ಪಶ್ಚಿಮ ಆಫ್ರಿಕದ ಹಳ್ಳಿಯ ಅಡುಗೆಗೆ ರುಚಿ ಕೊಡುವ ಮಸಾಲೆಯೊಂದು ಮಾತ್ರ ಘಮದಿಂದಲ್ಲ, ನಾತದಿಂದ ಹೆಸರಾಗಿದೆ. ಸಂತೆಯಲ್ಲಿ ಅದನ್ನು ಮಾರುವಾಕೆ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸುದ್ದಿ ಮುಟ್ಟಿರುತ್ತದೆ! ಹೌಸಾ ಜನರಿಗೆ ಅದು ದವದವ, ಯೊರುಬಾ ಜನರಿಗೆ ಇರು, ಮಾಲಿ, ಬುರ್ಕಿನಾ ಫಾಸೊ ಕಡೆ ಸುಂಬಲ.

ಪಾರ್ಕಿಯಾ ಬಿಗ್ಲೊಬೋಸಾ ಎಂಬ ಮರದ ಬೀಜದಿಂದ ಇದನ್ನು ತಯಾರಿಸುತ್ತಾರೆ. 1795ರಲ್ಲಿ ನೈಜರ್ ನದಿಯ ಜಾಡು ಹುಡುಕಿ ಹೊರಟ ಸ್ಕಾಟ್ಲೆಂಡಿನ ಮಂಗೋ ಪಾರ್ಕ್ ನೆನಪಿಗೆ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1826ರಲ್ಲಿ ಈ ಮರಗಳ ಕುಲಕ್ಕೆ ಪಾರ್ಕಿಯಾ ಎಂದು ಹೆಸರಿಟ್ಟ. ಬೆಂಗಳೂರಿನಲ್ಲಿ ಚೆಂಡಿನಂಥ ಹೂಗಳನ್ನು ತೂಗಿಬಿಡುವ ‘ಬ್ಯಾಡ್ಮಿಂಟನ್ ಬಾಲ್’ ಮರವೂ ಇದೇ ಕುಲದ್ದು.

ತಯಾರಿಕೆ ಹೆಂಗಸರ ಕೆಲಸ, ಅದೂ ಸೊಂಟ ಮುರಿಯುವ ಕೆಲಸ. ಬೀಜದ ಸಿಪ್ಪೆ ಬಲು ಗಟ್ಟಿ. ಹನ್ನೆರಡು ಗಂಟೆಗೂ ಹೆಚ್ಚು ಹೊತ್ತು ಕುದಿಸಿ, ಒರಳಲ್ಲಿ ಕುಟ್ಟಿ, ಮತ್ತೆ ಮತ್ತೆ ತೊಳೆದು ಸಿಪ್ಪೆ ಬಿಡಿಸಬೇಕು. ಒಳಗಿನ ಬೇಳೆಯನ್ನು ಇನ್ನೊಮ್ಮೆ ಬೇಯಿಸಿ, ಬುಟ್ಟಿಗೆ ತುಂಬಿ, ಎಲೆ ಮುಚ್ಚಿ ಬೆಚ್ಚಗಿಟ್ಟರೆ ಎರಡು ಮೂರು ದಿನಗಳಲ್ಲಿ ಹುದುಗುತ್ತದೆ. ಹೆಪ್ಪು ಹಾಕುವ ಪದ್ಧತಿಯಿಲ್ಲ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ತಾನಾಗಿಯೇ ಬೆಳೆದು ಪ್ರೋಟೀನನ್ನು ಒಡೆಯುತ್ತದೆ. ಆಗ ಹುಟ್ಟುವ ಅಮೋನಿಯಾದಿಂದ ನಾತ. ಜೊತೆಯಲ್ಲೇ ಬಿಡುಗಡೆಯಾಗುವ ಗ್ಲುಟಾಮಿಕ್ ಆಮ್ಲದಿಂದ ಮಾಂಸದ ಸಾರಿನಂಥ ರುಚಿ. ಸೋಯಾ ಅವರೆಯಿಂದ ಮಾಡುವ ಜಪಾನಿನ ನಾಟೊ, ಮಣಿಪುರದ ಹವಾಯಿಜಾರ್ ಹಿಂದೆಯೂ ಇದೇ ಜೀವಿಯ ಕೈವಾಡವಿದೆ.

ಹುದುಗಿದ ಬೇಳೆಯನ್ನು ಉಂಡೆ ಕಟ್ಟಿ ಒಣಗಿಸಿಡುತ್ತಾರೆ. ಅಡುಗೆಯ ಹೊತ್ತಿಗೆ ಸ್ವಲ್ಪ ಮುರಿದು ಪುಡಿಮಾಡಿ, ತಾಳೆ ಎಣ್ಣೆಯಲ್ಲಿ ಬಾಡಿಸಿದ ಈರುಳ್ಳಿ, ಮೆಣಸಿನಕಾಯಿ, ಟೊಮೇಟೊ ಜೊತೆ ಸೇರಿಸಿದರಾಯಿತು. ಇದಕ್ಕೆ ಬೆಂಡೆಕಾಯಿಯನ್ನೋ ಬಾವೊಬಾಬ್ ಎಲೆಯ ಪುಡಿಯನ್ನೋ ಹಾಕಿ ಕುದಿಸಿದರೆ ಲೋಳೆಯಾದ ಸಾರು ಸಿದ್ಧ. (ಸವಣೂರಿನವರು ದೊಡ್ಡಹುಣಸೆ ಎನ್ನುವುದು ಈ ಬಾವೊಬಾಬ್ ಮರವನ್ನೇ.) ಸಜ್ಜೆ, ಜೋಳದ ಹಿಟ್ಟಿನ ‘ತುವೊ’ವನ್ನು ಈ ಸಾರಿನಲ್ಲಿ ಅದ್ದಿ ಉಣ್ಣುತ್ತಾರೆ. ರಾಗಿಮುದ್ದೆ ಬಲ್ಲವರಿಗೆ ಹೆಚ್ಚಿನ ವಿವರಣೆ ಬೇಡ.

ಈ ಜೋಡಿಯಲ್ಲಿ ಜಾಣತನವೂ ಇದೆ. ಸಜ್ಜೆ, ಜೋಳಗಳಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ. ದವದವದಲ್ಲಿ ಅದು ಧಾರಾಳ. ಒಣಗಿದ ಉಂಡೆಯ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಪ್ರೋಟೀನು. ಹುದುಗುವಾಗ ರೈಬೊಫ್ಲೇವಿನ್ ಜೀವಸತ್ವವೂ ಹೆಚ್ಚುತ್ತದೆ. ಆದರೆ ಸಾರಿಗೆ ಬೀಳುವುದು ಚಿಟಿಕೆಯೋ ಚಮಚವೋ ಆದ್ದರಿಂದ ಇದನ್ನೇ ಪೌಷ್ಟಿಕ ಆಹಾರವೆಂದು ನಂಬಿ ಕೂರುವಂತಿಲ್ಲ. ರಕ್ತದೊತ್ತಡ ಇಳಿಸುತ್ತದೆಂಬ ನಂಬಿಕೆಯೂ ಅಲ್ಲಿ ಪ್ರಬಲ. ಹಾಗೆಂದು ವೈದ್ಯರು ಕೊಟ್ಟ ಮಾತ್ರೆ ಬಿಟ್ಟು ಸಾರು ಕುಡಿಯುವುದು ತರವಲ್ಲ.

ನಿಜವಾದ ಲಾಭ ಉಪ್ಪಿನ ಲೆಕ್ಕದಲ್ಲಿದೆ. ಪಟ್ಟಣದ ಅಡುಗೆಮನೆಗಳಲ್ಲಿ ದವದವದ ಜಾಗವನ್ನು ಕಾರ್ಖಾನೆಯ ಸಾರಿನ ಬಿಲ್ಲೆ ಹಿಡಿದಿದೆ. ಅಗ್ಗ, ನಾತವಿಲ್ಲ, ಕಾಗದ ಬಿಚ್ಚಿ ಹಾಕಿದರೆ ಸಾಕು. ಆದರೆ ಇಂಥ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಉಪ್ಪೇ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು. ದವದವದ ರುಚಿ ಬರುವುದು ಉಪ್ಪಿನಿಂದಲ್ಲ. ಕೆಡದಿರಲೆಂದು ಕೆಲವೆಡೆ ಉಪ್ಪು ಬೆರೆಸುವುದುಂಟು. ಬೆರೆಸದ್ದನ್ನು ಕೇಳಿ ಕೊಂಡರೆ ಸಾರಿಗೆ ಉಪ್ಪು ಕಡಿಮೆ ಹಾಕಿದರೂ ರುಚಿ ಕೆಡದು.

ಮರದ ಪಾಡೂ ಅಷ್ಟು ಚೆನ್ನಾಗಿಲ್ಲ. ರೈತರು ಇದನ್ನು ಸಾಲಾಗಿ ನೆಟ್ಟು ಬೆಳೆಸುವುದು ಅಪರೂಪ. ಹೊಲ ಹಸನು ಮಾಡುವಾಗ ತಾನಾಗಿ ಹುಟ್ಟಿದ್ದನ್ನು ಕಡಿಯದೆ ಉಳಿಸಿಕೊಳ್ಳುತ್ತ ಬಂದಿದ್ದಾರೆ. ಈಗ ಹೊಲವನ್ನು ಬೀಳುಬಿಡುವ ವರ್ಷಗಳು ಕಡಿಮೆಯಾಗಿ, ಹಳೆಯ ಮರಗಳ ಕೆಳಗೆ ಎಳೆಯ ಸಸಿಗಳು ಮೇಲೇಳಲು ಪುರಸೊತ್ತೇ ಸಿಗುತ್ತಿಲ್ಲ.