ಹೃದಯದ ಚಿತ್ರ, ಮೂತ್ರಪಿಂಡದ ಹೊರೆ

ಹೃದಯಕ್ಕೆ ರಕ್ತವನ್ನೊದಗಿಸುವ ಕಿರೀಟ ಧಮನಿಗಳು ಕ್ಷ-ಕಿರಣಕ್ಕೆ ತಾವಾಗಿ ಗೋಚರಿಸವು. ಅವು ಕಾಣಬೇಕಾದರೆ ಅಯೋಡಿನ್ ಕೂಡಿದ ದ್ರವವನ್ನು ಸಣ್ಣ ನಳಿಗೆಯ ಮೂಲಕ ಅವುಗಳೊಳಕ್ಕೆ ಬಿಡಬೇಕು. 1958ರಲ್ಲಿ ಅಮೆರಿಕದ ವೈದ್ಯ ಮೇಸನ್ ಸೋನ್ಸ್ ಅವರಿಗೆ ಆಕಸ್ಮಿಕವಾಗಿ ಒದಗಿದ ಈ ವಿಧಾನವೇ ಇಂದಿನ ಆಂಜಿಯೋಗ್ರಾಂ.

ಚಿತ್ರ ದೊರೆತ ಮೇಲೆ ಆ ದ್ರವವನ್ನು ಹೊರಹಾಕುವ ಭಾರ ಮೂತ್ರಪಿಂಡಗಳದು. ಆರೋಗ್ಯವಂತರಲ್ಲಿ ಅದರ ಬಹುಪಾಲು 24 ಗಂಟೆಗಳೊಳಗೆ ಹೊರಹೋಗುತ್ತದೆ. ಮೂತ್ರಪಿಂಡಗಳು ಮೊದಲೇ ಕುಗ್ಗಿದವರಿಗೆ, ಅದರಲ್ಲೂ ಮಧುಮೇಹಿಗಳಿಗೆ, ಅದು ಅಪಾಯ ತರಬಹುದು. ಆದುದರಿಂದ ಸಂಶೋಧಕರು ಒಂದು ಉಪಾಯ ಹೂಡಿದರು: ದ್ರವವು ಮೈಯೆಲ್ಲ ಹರಡುವ ಮುನ್ನವೇ, ಹೃದಯದ ಅಭಿಧಮನಿಗಳು ಕೂಡುವೆಡೆಯಿಂದ ಆ ರಕ್ತವನ್ನು ಸೆಳೆದು ಸೋಸುವುದು. ಪ್ರಯೋಗಗಳಲ್ಲಿ ದ್ರವದ ಒಂದಂಶ ಮಾತ್ರ ಹೀಗೆ ಸಿಕ್ಕಿತು.

ಉಪಾಯವೇನೋ ಮೆಚ್ಚತಕ್ಕದ್ದೇ. ಆದರೆ ಸೊರಬ ತಾಲ್ಲೂಕಿನ ಆನವಟ್ಟಿಯಂತಹ ಊರಿನಿಂದ ಹೃದಯ ಪರೀಕ್ಷೆಗಾಗಿ ನಗರಕ್ಕೆ ಹೊರಡುವ ರೋಗಿಗೆ ಅಂಥ ಯಂತ್ರಕ್ಕಿಂತ ಮೊದಲು ಬೇಕಾದುದು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಎಂದು ನಾವು ಭಾವಿಸುತ್ತೇವೆ. ಮೂತ್ರಪಿಂಡದ ಬಲ ಮುಂಚೆಯೇ ತಿಳಿದರೆ ವೈದ್ಯರು ದ್ರವದ ಪ್ರಮಾಣವನ್ನು ತಗ್ಗಿಸಬಲ್ಲರು. ತಕ್ಕಷ್ಟು ಲವಣಜಲವನ್ನು ನಾಳದ ಮೂಲಕ ಕೊಡಬಲ್ಲರು. ಹೃದಯಾಘಾತದ ತುರ್ತಿನಲ್ಲಿ ಮಾತ್ರ ಯಾವ ಪರೀಕ್ಷೆಗೂ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಗದ್ದೆಯ ಕೆಲಸದ ಮೈಕೈನೋವಿಗೆ ದಿನವೂ ನುಂಗುವ ಗುಳಿಗೆಗಳೂ ಮೂತ್ರಪಿಂಡವನ್ನು ಕೆಡಿಸಬಲ್ಲವು. ಹಿರಿಯರು ಇದನ್ನು ವೈದ್ಯರಿಗೆ ಹೇಳುವುದೇ ಅಪರೂಪ. ನಮ್ಮ ವಿದ್ಯಾರ್ಥಿ ವಾಚಕರು ಮನೆಯ ಹಿರಿಯರ ಔಷಧಗಳ ಪಟ್ಟಿಯನ್ನೂ ಹಳೆಯ ಪರೀಕ್ಷಾಪತ್ರಗಳನ್ನೂ ಜೋಡಿಸಿ ಅವರ ಕೈಗಿತ್ತರೆ, ಬೆಲೆಯಿಲ್ಲದ ಆ ಕಾಗದದ ಕಟ್ಟೇ ಮೊದಲ ರಕ್ಷಣೆಯಾದೀತು.