ನಾಯಿಗೆ ಎಸೆದ ಯಕೃತ್ತು

ಶ್ರೀಗಂಧದ ಕಾವಲ್ ಇಂದು ಬೆಂಗಳೂರಿನ ಬಡಾವಣೆ. ಹೆಸರಿನಲ್ಲಿ ಮಾತ್ರ ಹುಲ್ಲುಗಾವಲಿದೆ. ಆದರೆ ಕುರಿ, ನಾಯಿ, ಮನುಷ್ಯರನ್ನು ಬೆಸೆಯುವ ಎಕಿನೊಕಾಕಸ್ ಲಾಡಿಹುಳುವಿಗೆ ಕಾವಲೇ ಬೇಕೆಂದಿಲ್ಲ. ನಗರದ ಓಣಿಯಲ್ಲಾಗಲಿ ನಮ್ಮ ಬೆಟ್ಟದ ಹಳ್ಳಿಯಲ್ಲಾಗಲಿ, ಕುರಿಯ ರೋಗಗ್ರಸ್ತ ಯಕೃತ್ತನ್ನು ನಾಯಿಗೆ ಎಸೆದರೆ ಸಾಕು.

ನಾಯಿಯ ಕರುಳಿನಲ್ಲಿರುವ ಈ ಹುಳು ಒಂದು ಸೆಂಟಿಮೀಟರಿಗಿಂತಲೂ ಚಿಕ್ಕದು. ಮಲದೊಡನೆ ಹೊರಬಿದ್ದ ಅದರ ಮೊಟ್ಟೆಗಳು ಹುಲ್ಲಿನಿಂದ ಕುರಿಯನ್ನು, ತೊಳೆಯದ ಕೈ ಮತ್ತು ಸೊಪ್ಪಿನಿಂದ ನಮ್ಮನ್ನು ಸೇರುತ್ತವೆ. ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆಯಾಗಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತವೆ. ಕೊನೆಗೆ ಎಷ್ಟೋ ಮಂದಿಗೆ ಶಸ್ತ್ರಚಿಕಿತ್ಸೆಯೇ ಗತಿ.

ರೇಬಿಸ್ ಲಸಿಕೆ ಇದನ್ನು ತಡೆಯದು. ಪ್ರಾಜಿಕ್ವಾಂಟೆಲ್ ಔಷಧಿಯು ನಾಯಿಯ ಹುಳುವನ್ನು ಕೊಲ್ಲುತ್ತದೆ, ನಿಜ. ಮರುದಿನವೇ ಗುಳ್ಳೆಯ ಮಾಂಸ ಸಿಕ್ಕರೆ ಫಲವೇನು? 19ನೆಯ ಶತಮಾನದ ಐಸ್‌ಲ್ಯಾಂಡ್ ಈ ರೋಗದಿಂದ ನರಳುತ್ತಿತ್ತು. 1863ರಲ್ಲಿ ಅಲ್ಲಿಗೆ ತೆರಳಿದ ಹರಾಲ್ಡ್ ಕ್ರಾಬೆ ಬರೆದ ಕಿರುಪುಸ್ತಿಕೆ ಮನೆಮನೆ ತಲುಪಿತು. ಗುಳ್ಳೆಯ ಅಂಗಗಳು ನಾಯಿಗೆ ಸಿಗದಂತೆ ಜನರೇ ನೋಡಿಕೊಂಡರು. ಕಾಲಕ್ರಮದಲ್ಲಿ ರೋಗ ಅಳಿಯಿತು.

ಜಾತ್ರೆ, ಹರಕೆಗಳಂದು ನಮ್ಮಲ್ಲಿ ಕೊಯ್ಯುವ ಕುರಿಗಳ ತ್ಯಾಜ್ಯ ಎಲ್ಲಿಗೆ ಹೋಗುತ್ತದೆ? ಗುಳ್ಳೆ ಕಂಡ ಅಂಗವನ್ನು ನಾಯಿ ಕೆದಕಲಾಗದಷ್ಟು ಆಳಕ್ಕೆ ಹೂಳಬೇಕು. ಮುಚ್ಚಳವುಳ್ಳ ಗುಂಡಿಯೊಂದನ್ನು ಮುಂದಿನ ಗ್ರಾಮಸಭೆಯಲ್ಲಿಯೇ ಕೇಳಿ ಪಡೆಯೋಣ.