ಹೆರಿಗೆ ಕೋಣೆಗೆ ಒಬ್ಬಳನ್ನು ಬಿಡಿ

ಬೆಂಗಳೂರಿನಲ್ಲಿರುವ ತಂಗಿಯ ಮಗಳು ಹೆರಿಗೆಗೆ ಡೌಲಾ ಗೊತ್ತು ಮಾಡಿಕೊಂಡಿದ್ದೇನೆ ಎಂದು ಫೋನು ಮಾಡಿದಳು. "ಅದೆಂತದೇ, ಹೊಸಾ ಮಷಿನ್ನೇ?" ಎಂದು ತಂಗಿ ಕೇಳಿದಳು. ಮಷಿನ್ನಲ್ಲ, ಹೆಂಗಸು. ಬಸುರಿಯಾಗಿರುವಾಗಲೇ ಮನೆಗೆ ಬಂದು ಮಾತಾಡಿಸುತ್ತಾಳೆ. ನೋವು ಶುರುವಾದಲ್ಲಿಂದ ಮಗು ಹುಟ್ಟುವ ತನಕ ಪಕ್ಕ ಬಿಟ್ಟು ಏಳುವುದಿಲ್ಲ. ಆಮೇಲೆ ಬಾಣಂತಿಗೆ ಹಾಲು ಕುಡಿಸುವುದನ್ನು ಹೇಳಿಕೊಡುತ್ತಾಳೆ. ಸೂಜಿ, ಔಷಧ, ಹೆರಿಗೆ ಮಾಡಿಸುವುದು ಯಾವುದೂ ಅವಳ ಕೆಲಸವಲ್ಲ. ಜೊತೆಗಿರುವುದಕ್ಕೇ ಸಂಬಳ. ಎಲ್ಲ ಕೇಳಿಸಿಕೊಂಡ ತಂಗಿ, "ಹಾಂಗಾದ್ರೆ ನಮ್ಮ ಅಕ್ಕ ಬೊಬ್ರುವಾಡದಲ್ಲಿ ಪುಕ್ಕಟೆ ಮಾಡ್ತದಲ್ಲ, ಅದೇಯಾ" ಎಂದಳಂತೆ.

ಆ ಅಕ್ಕ ನಾನೇ, ಅಂಕೋಲೆಯ ಬೊಬ್ರುವಾಡದವಳು, ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. 2017ರ ಅಕ್ಟೋಬರಿನಲ್ಲಿ ಮಾತೃಪೂರ್ಣ ಯೋಜನೆ ಬಂತು, ಬಸುರಿ ಬಾಣಂತಿಯರು ಮಧ್ಯಾಹ್ನ ಅಂಗನವಾಡಿಗೇ ಬಂದು ಉಣ್ಣಬೇಕೆಂದಾಯಿತು. ತುಂಬಿದ ಹೊಟ್ಟೆ ಹೊತ್ತು ಬಿಸಿಲಲ್ಲಿ ನಡೆದು ಬಂದು ಉಣ್ಣುವುದೆಂದರೇನು ಎಂದು ಆಗ ಎಲ್ಲರೂ ಗೊಣಗಿದರು, ನಾನೂ ಗೊಣಗಿದೆ. ಆದರೆ ಊಟಕ್ಕೆ ಕೂತ ಹೆಂಗಸರು ಬೇಗ ಏಳುತ್ತಿರಲಿಲ್ಲ. ಮನೆಯಲ್ಲಿ ಆಡದ ಮಾತು ಅಲ್ಲಿ ಹೊರಬೀಳುತ್ತಿತ್ತು. ನೋವಿಗೆ ಹೆದರುವವರು ಕಡಿಮೆ. "ಒಳಗೆ ಒಬ್ಬಳನ್ನೇ ಮಲಗಿಸ್ತಾರಂತೆ ಅಕ್ಕೋರೆ, ಕೂಗಿದ್ರೆ ಬೈತಾರಂತೆ" ಎಂಬುದೇ ಹೆಚ್ಚಿನವರ ಹೆದರಿಕೆ. ಸುತ್ತಲಿನ ಹುಡುಗಿಯರ ಜೊತೆ ಆಸ್ಪತ್ರೆಗೆ ಹೋಗುವುದು ಆಗ ಶುರುವಾದದ್ದು ನಿವೃತ್ತಿಯಾದ ಮೇಲೆ ಪೂರ್ತಿ ಕೆಲಸವೇ ಆಯಿತು.

ತಂಗಿ ಮಗಳ ಡೌಲಾ ಒಳ್ಳೆಯವಳು, ತನಗೆ ಗೊತ್ತಿರುವುದನ್ನೆಲ್ಲ ವಿಡಿಯೋ ಕಾಲ್‌ನಲ್ಲಿ ನನಗೂ ಹೇಳಿಕೊಟ್ಟಳು. ಬೆನ್ನೆಲುಬು ಮುಗಿಯುವಲ್ಲಿ ಒಂದು ಚಪ್ಪಟೆ ಮೂಳೆಯಿದೆ. ನೋವು ಏರುವಾಗ ಅಂಗೈಯ ಬುಡವನ್ನು ಅಲ್ಲಿಟ್ಟು ಒತ್ತಿ ಹಿಡಿಯಬೇಕು. ನಾವೆಲ್ಲ ತಿಕ್ಕುತ್ತೇವೆ; ತಿಕ್ಕಿದರೆ ಚರ್ಮ ಉರಿಯುತ್ತದೆ ಅಷ್ಟೆ. ಒತ್ತಿ ಹಿಡಿದರೆ, ಅದೂ ನೋವು ಇಳಿಯುವ ತನಕ ಸಡಿಲ ಬಿಡದೆ ಹಿಡಿದರೆ, ಹುಡುಗಿ ಕಚ್ಚಿಕೊಂಡ ಹಲ್ಲು ಬಿಡುತ್ತಾಳೆ. ಹಲ್ಲು ಬಿಟ್ಟರೆ ಭುಜ ಇಳಿಯುತ್ತದೆ, ಉಸಿರು ಉದ್ದವಾಗುತ್ತದೆ. ಮಂಚದ ಕಬ್ಬಿಣದ ಸರಳು ಹಿಡಿದವಳ ಬೆರಳು ಬಿಡಿಸಿ ನನ್ನ ಹೆಗಲ ಮೇಲಿಟ್ಟುಕೊಳ್ಳುತ್ತೇನೆ. ನರ್ಸಿನ ಒಪ್ಪಿಗೆಯಿದ್ದರೆ ನಾಲ್ಕು ಹೆಜ್ಜೆ ನಡೆಸುತ್ತೇನೆ, ಎರಡು ಗುಟುಕು ಗಂಜಿನೀರು ಕುಡಿಸುತ್ತೇನೆ. ಡಾಕ್ಟರು ಬಂದು ಹೇಳಿಹೋದದ್ದನ್ನು ಅವಳಿಗೆ ತಿಳಿಯುವ ಹಾಗೆ ಇನ್ನೊಮ್ಮೆ ಹೇಳುತ್ತೇನೆ. ಖಾರ್ವಿ ಕೇರಿಯ ಹುಡುಗಿಯಾದರೆ ಕೊಂಕಣಿಯಲ್ಲಿ ಹೇಳುತ್ತೇನೆ. ಬಯಲುಸೀಮೆಯಿಂದ ಬಂದ ನರ್ಸು ಪಾಪ ಅವಳಿಗೆ ಕನ್ನಡದಲ್ಲೇ ಕೂಗುತ್ತಿರುತ್ತಾಳೆ.

ಇದನ್ನು ಅಜ್ಜಿ ಮದ್ದು ಎಂದು ನಗುವವರಿದ್ದಾರೆ. ಆದರೆ ಮಾರ್ಷಲ್ ಕ್ಲಾಸ್, ಜಾನ್ ಕೆನೆಲ್ ಎಂಬ ಅಮೆರಿಕದ ಮಕ್ಕಳ ಡಾಕ್ಟರುಗಳು ಸಂಗಡಿಗರೊಂದಿಗೆ ಗ್ವಾಟೆಮಾಲದ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ಸುಮ್ಮನೆ ಜೊತೆಗಿದ್ದರೂ ಹೆರಿಗೆ ಬೇಗ ಆಗುತ್ತದೆ, ತೊಡಕು ಕಡಿಮೆ ಎಂದು 1980ರಲ್ಲೇ ಬರೆದರು. 2017ರಲ್ಲಿ ಕೊಕ್ರೇನ್ ಸಂಸ್ಥೆ 17 ದೇಶಗಳ 26 ಅಧ್ಯಯನ, ಹದಿನೈದು ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕ ಒಟ್ಟುಹಾಕಿ ಹೇಳಿದ್ದೂ ಅದನ್ನೇ: ಬಿಡದೆ ಜೊತೆಗೊಬ್ಬರಿದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ. ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ ನೂರಕ್ಕೆ 23.6 ಇದ್ದದ್ದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ 31.5ಕ್ಕೆ ಏರಿದೆ. ಬೇಕಾದಾಗ ಸಿಸೇರಿಯನ್ ಆಗಲೇಬೇಕು, ಅದರಿಂದ ಬದುಕಿದ ತಾಯಿ ಮಕ್ಕಳನ್ನು ಕಣ್ಣಾರೆ ನೋಡಿದ್ದೇನೆ. ಆದರೆ ಹೆದರಿಕೆಯಿಂದ ಸೋತು, "ಕೊಯ್ದು ತೆಗೀರಿ, ನನ್ನ ಕೈಲಾಗುದಿಲ್ಲ" ಎಂದವರನ್ನೂ ನೋಡಿದ್ದೇನೆ.

ಹೊಸ ಕಾನೂನೇನೂ ಬೇಕಾಗಿಲ್ಲ. ಸರಕಾರಿ ಆಸ್ಪತ್ರೆಯ ಹೆರಿಗೆ ಕೋಣೆಗೆ ಒಬ್ಬ ಸಂಗಾತಿಯನ್ನು ಬಿಡಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರ ಫೆಬ್ರವರಿಯಲ್ಲೇ ಹೇಳಿದೆ. ಹೆತ್ತ ಅನುಭವವಿರುವ ಹೆಂಗಸಾಗಿರಬೇಕು, ಅಂಟುರೋಗ ಇರಬಾರದು, ಬಟ್ಟೆ ಶುಭ್ರವಾಗಿರಬೇಕು, ಸಿಬ್ಬಂದಿಯ ಕೆಲಸದಲ್ಲಿ ಕೈಹಾಕಬಾರದು ಎಂದು ಷರತ್ತುಗಳೂ ಇವೆ, ಎಲ್ಲವೂ ನ್ಯಾಯವಾದವೇ. ಹೆರಿಗೆ ಕೋಣೆಗಳನ್ನು ಸುಧಾರಿಸಲೆಂದು 2017ರ ಡಿಸೆಂಬರಿನಲ್ಲಿ ತಂದ ಲಕ್ಷ್ಯ ಕಾರ್ಯಕ್ರಮದಲ್ಲಿ ಇದು ಮತ್ತೆ ಬಂತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿತು. ಕಾಗದದಲ್ಲಿ ಎಲ್ಲ ಸರಿಯಿದೆ, ನಾನು ಹೆಚ್ಚಿನ ಸಲ ಬಾಗಿಲ ಹೊರಗೆ ಬೆಂಚಿನ ಮೇಲೇ ಇರುತ್ತೇನೆ.

ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ, ಒಂದೆರಡಲ್ಲ. ಒಳಗಿನವರ ಕಷ್ಟವೂ ನನಗೆ ಗೊತ್ತು. ಮಂಚಕ್ಕೆ ಮಂಚ ತಾಗಿಕೊಂಡಿರುತ್ತದೆ, ನಡುವೆ ಪರದೆಯಿಲ್ಲ. ಒಬ್ಬಳ ಸಂಗಾತಿಯನ್ನು ಬಿಟ್ಟರೆ ಪಕ್ಕದವಳ ಮಾನದ ಪ್ರಶ್ನೆ. ಮೂರು ಹೆರಿಗೆಗೆ ಇಬ್ಬರೇ ನರ್ಸುಗಳಿರುವ ರಾತ್ರಿ ಯಾರದೋ ಅತ್ತೆ ಒಳಹೊಕ್ಕು, ಇನ್ನೂ ಯಾಕೆ ಆಗಲಿಲ್ಲ ಎಂದು ಜಗಳ ತೆಗೆದರೆ ಯಾರಿಗೆ ಬೇಕು? ಗಳಿಗೆ ಕೇಳಿಕೊಂಡು ಬಂದು ಹತ್ತೂವರೆಯೊಳಗೆ ಆಪರೇಶನ್ ಮಾಡಿ ಎಂದವರನ್ನು ನಾನೇ ಹೊರಗೆ ಕರೆತಂದು ಕೂರಿಸಿದ್ದಿದೆ. ತಾಯಿಯಾದರೆ ಮಗಳಿಗಿಂತ ಮೊದಲು ತಾನೇ ಅಳುತ್ತಾಳೆ. ಒಳಗೆ ಬರುವವಳು ಮನೆಯವಳಾಗಿರದೆ, ಆಸ್ಪತ್ರೆಯ ರೀತಿ ನೀತಿ ಗೊತ್ತಿರುವ, ಊರಿನ ಪರಿಚಯದ ಹೆಂಗಸಾಗಿದ್ದರೆ ನರ್ಸುಗಳಿಗೂ ಹಗುರ ಎನ್ನುವುದು ಇದಕ್ಕೇ.

ಆಶಾ ಕಾರ್ಯಕರ್ತೆ ಇದ್ದಾಳಲ್ಲ ಎನ್ನುತ್ತಾರೆ. ಬಸುರಿಯನ್ನು ಆಸ್ಪತ್ರೆಗೆ ತಲುಪಿಸುವುದು ಆಶಾಳ ಕೆಲಸ ಹೌದು. ಅದರ ಜೊತೆ ಲಸಿಕೆ, ಸಮೀಕ್ಷೆ, ಮೊಬೈಲಿನಲ್ಲಿ ತುಂಬುವ ಲೆಕ್ಕ, ಇನ್ನೊಂದು ಮಜರೆಯ ಬಾಣಂತಿ. ಹದಿನಾಲ್ಕು ತಾಸು ಒಬ್ಬಳ ಸೊಂಟ ಒತ್ತುತ್ತ ಕೂರು ಎಂದು ಅವಳಿಗೆ ಹೇಳುವ ಬಾಯಿ ನನಗಿಲ್ಲ. ಗೌರವಧನಕ್ಕಾಗಿ ಅವರು ವರ್ಷ ವರ್ಷ ರಸ್ತೆಗಿಳಿಯುವುದನ್ನು ನೋಡುತ್ತಲೇ ಇದ್ದೇವೆ.

ಇನ್ನು ಕೆಲವರಿಗೆ ಸೂಲಗಿತ್ತಿಯ ಕಾಲವೇ ಚೆಂದವಿತ್ತೆಂಬ ಹಂಬಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾನೂ ಹಿಗ್ಗಿದೆ. ಆದರೆ ಎಲ್ಲ ಊರಿಗೂ ನರಸಮ್ಮ ಇರಲಿಲ್ಲ. ರಕ್ತ ಹೋಗಿ ಬಚ್ಚಲಕೋಣೆಯಲ್ಲೇ ಹೋದವರ ಹೆಸರು ನಮ್ಮ ಕೇರಿಯ ಹಳಬರಿಗೆ ಇನ್ನೂ ನೆನಪಿದೆ. 2019–21ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುವುದು ದೊಡ್ಡ ಗಳಿಕೆ, ಅದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಸೂಲಗಿತ್ತಿ ಮನೆ ಬಿಟ್ಟು ಹೋಗುವಾಗ ಅವಳ ಜೊತೆಗೇ ಹೋದ ಆ ಕೈಯಾಸರೆಯನ್ನಷ್ಟೇ ನಾನು ಕೇಳುತ್ತಿರುವುದು.

ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದು ಹೆಚ್ಚು ಬೇಕು. ಸ್ವಲ್ಪ ತೊಡಕೆಂದು ಕಂಡರೆ ಅಂಕೋಲೆಯಿಂದ ಕಾರವಾರಕ್ಕೆ ಕಳಿಸುತ್ತಾರೆ. ಅಲ್ಲಿಂದಲೂ ಮುಂದೆ ಎಂದರೆ ಮಣಿಪಾಲವೋ ಗೋವೆಯೋ, ಇಲ್ಲ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯೋ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಎದ್ದ ಕೂಗು ಸುಮ್ಮನೆ ಎದ್ದದ್ದಲ್ಲ. ಅಂಬುಲೆನ್ಸಿನಲ್ಲಿ ಗಂಡ ಫೋನಿನಲ್ಲಿ ದುಡ್ಡು ಹೊಂದಿಸುತ್ತಿರುತ್ತಾನೆ, ಹುಡುಗಿ ಕಿಟಕಿಯ ಕಡೆ ನೋಡುತ್ತಿರುತ್ತಾಳೆ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತಲ್ಲ, ಆಗ ಕುಮಟೆ ಕಡೆಯಿಂದ ಮದುವೆಯಾಗಿ ಬಂದಿದ್ದ ಒಬ್ಬಳಿಗೆ ದಿನ ತುಂಬಿತ್ತು. ಚೊಚ್ಚಲು, ತವರಿಗೆ ಹೋಗುವ ದಿನವೂ ಗೊತ್ತಾಗಿತ್ತು. ಹೊರಡುವ ಮೊದಲೇ ದಾರಿ ಹೋಯಿತು. ಹೆಣ ಸಿಕ್ಕಿತು, ಸಿಗಲಿಲ್ಲ ಎಂದು ದಿನವಿಡೀ ಟೀವಿ ಕೂಗುತ್ತಿದ್ದ ಮನೆಯಲ್ಲಿ ಆ ಹುಡುಗಿಗೆ ನೋವು ಬಂತು. ಅವತ್ತು ಪಾಳಿಯಲ್ಲಿದ್ದ ನರ್ಸು ನನ್ನನ್ನು ನೋಡಿ, "ನೀವು ಬರ್ರೀ ಅಮ್ಮಾ" ಎಂದು ತಾನಾಗಿ ಒಳಗೆ ಕರೆದಳು. ತಾಯಿ ರೈಲು ಹಿಡಿದು ಅಂಕೋಲಾ ಸ್ಟೇಶನ್ನಿನಲ್ಲಿ ಇಳಿಯುವಷ್ಟರಲ್ಲಿ ಮೊಮ್ಮಗಳು ಹುಟ್ಟಿ ಎರಡು ಸಲ ಹಾಲು ಕುಡಿದಾಗಿತ್ತು.

ಆ ನರ್ಸಿನ ಒಳ್ಳೆಯತನದ ಮೇಲೆ ಇದು ನಿಂತಿರಬಾರದು. ಪ್ರತಿ ತಾಲೂಕು ಆಸ್ಪತ್ರೆಗೆ ನಾಲ್ಕಾರು ಹೆಂಗಸರು ಸಾಕು. ನಿವೃತ್ತ ಅಂಗನವಾಡಿಯವರು, ಸ್ವಸಹಾಯ ಸಂಘದವರು ಬೇಕಷ್ಟು ಜನ ಇದ್ದಾರೆ. ಹಾಲಕ್ಕಿ ಕೊಪ್ಪದಿಂದ ಒಬ್ಬಳು, ಮೀನುಗಾರರ ಕೇರಿಯಿಂದ ಒಬ್ಬಳು ಇರಲೇಬೇಕು. ಅಲ್ಲಿಯ ನರ್ಸುಗಳೇ ತರಬೇತಿ ಕೊಡಲಿ, ಏನು ಮಾಡಬಾರದು ಎನ್ನುವುದನ್ನು ಮೊದಲು ಹೇಳಲಿ. ಕೊರಳಿಗೊಂದು ಗುರುತಿನ ಚೀಟಿ, ಹೆರಿಗೆಗಿಷ್ಟು ಎಂದು ಗೌರವಧನ, ಅಂಬುಲೆನ್ಸಿನಲ್ಲಿ ಒಂದು ಸೀಟು. ಪುಕ್ಕಟೆ ಮಾಡುತ್ತೇನೆಂದು ನನ್ನನ್ನು ಹೊಗಳಬೇಡಿ. ನನಗೆ ಮಗನ ಸಂಬಳದ ಆಸರೆಯಿದೆ, ಎಲ್ಲರಿಗೂ ಇರುವುದಿಲ್ಲ. ಪ್ರತಿ ಸರಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಎಂಬುದಿದೆ, ಅದರ ಕೈಯಲ್ಲಿ ಸ್ವಲ್ಪ ದುಡ್ಡೂ ಇರುತ್ತದೆ. ಮುಂದಿನ ಸಭೆಯಲ್ಲಿ ಇದನ್ನು ಎತ್ತಲಿ. ಗೌರವಧನದ ಲೆಕ್ಕಕ್ಕೆ ತಡವಾದರೆ ಆಗಲಿ, ಮಂಚಗಳ ನಡುವಿನ ಪರದೆಯನ್ನು ಈ ತಿಂಗಳೇ ಹಾಕಿಸಬಹುದು.